ಪದಚರ್ಚೆ: ‘ಗ್ಲೂಕೋಸ್ ಡಿಸ್ಪೋಸಲ್’ ಅಂದರೆ ವಿಲೇವಾರಿಯೇ?

ಪ್ರಶ್ನೆ: ಮಧುಮೇಹಿಗಳಿಗೆ ಮಾಡುವ ಕ್ಲಾಂಪ್ ಪರೀಕ್ಷೆಯ (ಇನ್ಸುಲಿನ್ ಹರಿಸುತ್ತಾ ರಕ್ತದ ಗ್ಲೂಕೋಸ್ ಮಟ್ಟವನ್ನು ಒಂದೇ ಕಡೆ ಹಿಡಿದಿಡುವ ಪರೀಕ್ಷೆ) ಒಪ್ಪಿಗೆ ಪತ್ರದ ಕನ್ನಡ ಕರಡಿನಲ್ಲಿ ‘ದೇಹದ ಗ್ಲೂಕೋಸ್ ವಿಲೇವಾರಿ ದರ’ ಎಂದಿದೆ. ಮೂಲದಲ್ಲಿ ‘ಡಿಸ್ಪೋಸಲ್ ರೇಟ್’. ‘ಇನ್ಸುಲಿನ್ ಸಂವೇದನೆ’ ಎಂಬ ಮಾತೂ ಇದೆ. ಓದಿ ಸಹಿ ಹಾಕುವವರು ರೋಗಿಗಳು. ಈ ಪದಗಳು ನಡೆಯುತ್ತವೆಯೇ?

ಉತ್ತರ: ವಿಲೇವಾರಿ ಖಂಡಿತ ಬೇಡ. ಕಡತ ವಿಲೇವಾರಿ, ಕಸ ವಿಲೇವಾರಿ ಕೇಳಿ ರೂಢಿಯಾದ ಕಿವಿಗೆ ಅದು ‘ಹೊರಗೆ ಸಾಗಿಸುವುದು’ ಎಂದೇ ಕೇಳಿಸುತ್ತದೆ. ಮಧುಮೇಹದಲ್ಲಿ ಗ್ಲೂಕೋಸ್ ನಿಜವಾಗಿಯೂ ಹೊರಗೆ ಹೋಗುವುದುಂಟು: ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದರೆ ಮೂತ್ರಕ್ಕೆ ಸೋರುತ್ತದೆ. ಇಲ್ಲಿ ಅಳೆಯುವುದು ಅದನ್ನಲ್ಲ. ಸೋರಿದ್ದರೆ ಲೆಕ್ಕದಿಂದ ಕಳೆಯಬೇಕು. ಅಳೆಯುವುದು ಮುಖ್ಯವಾಗಿ ಸ್ನಾಯುಗಳು ಒಳಗೆ ತೆಗೆದುಕೊಂಡು ಉರಿಸಿದ ಅಥವಾ ಗ್ಲೈಕೋಜನ್ ಮಾಡಿ ಕೂಡಿಟ್ಟ ಗ್ಲೂಕೋಸನ್ನು. ಅದಕ್ಕೆ ‘ಬಳಕೆ’ ಸಾಕು. ‘ಹೀರಿಕೆ’ ಎಂದರೆ ಕರುಳಿನ ಹೀರಿಕೆ ಎಂದಾಗುತ್ತದೆ, ಇಲ್ಲಿ ಕರುಳಿಗೆ ಕೆಲಸವೇ ಇಲ್ಲ.

ಪರೀಕ್ಷೆಯ ಕ್ರಮ ಗೊತ್ತಿದ್ದರೆ ಪದ ತಾನಾಗಿ ಹೊಳೆಯುತ್ತದೆ. 1979ರಲ್ಲಿ ಡಿಫ್ರಾಂಜೊ, ಟೋಬಿನ್, ಆಂಡ್ರೆಸ್ ವಿವರಿಸಿದ ವಿಧಾನ ಇದು. ರಾತ್ರಿಯಿಡೀ ಉಪವಾಸ. ಬೆಳಿಗ್ಗೆ ಒಂದು ಕೈಗೆ ಇನ್ಸುಲಿನ್ ಡ್ರಿಪ್, ಸಾಮಾನ್ಯವಾಗಿ ಮೈಯ ಹೊರಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 40 ಮಿಲಿಯೂನಿಟ್. ಜೊತೆಗೆ ಶೇ. 20ರ ಗ್ಲೂಕೋಸ್. ಇನ್ನೊಂದು ಕೈಯಿಂದ 5 ನಿಮಿಷಕ್ಕೊಮ್ಮೆ ರಕ್ತ ತೆಗೆದು, ಮಟ್ಟ ಡೆಸಿಲೀಟರಿಗೆ 90–100 ಮಿಲಿಗ್ರಾಂ ಆಸುಪಾಸಿನಲ್ಲೇ ನಿಲ್ಲುವಂತೆ ಗ್ಲೂಕೋಸಿನ ವೇಗವನ್ನು ಏರಿಸುತ್ತಾ ಇಳಿಸುತ್ತಾ ಹೋಗುತ್ತಾರೆ. ರಕ್ತ ತೆಗೆಯುವ ಕೈಯನ್ನು ಬಿಸಿ ಮಾಡಿಟ್ಟಿರಬೇಕು. ತಣ್ಣಗಿದ್ದರೆ ಆ ಕೈಯ ಸ್ನಾಯುಗಳು ಒಂದಷ್ಟು ಗ್ಲೂಕೋಸ್ ತೆಗೆದುಕೊಂಡ ಮೇಲಿನ ರಕ್ತ ಸಿಗುತ್ತದೆ. ರೀಡಿಂಗ್ ಕಡಿಮೆ ಬಂದು, ಬೇಕಾದ್ದಕ್ಕಿಂತ ಹೆಚ್ಚು ಗ್ಲೂಕೋಸ್ ಹರಿಸಿಬಿಡುತ್ತಾರೆ.

ಎರಡು ಗಂಟೆಯ ಪರೀಕ್ಷೆಯಲ್ಲಿ ಕೊನೆಯ ಅರ್ಧ ಗಂಟೆಯ ಡ್ರಿಪ್ ವೇಗವೇ ಫಲಿತಾಂಶ. 70 ಕಿಲೋ ತೂಕದವರಿಗೆ ಗಂಟೆಗೆ 60 ಮಿಲಿಲೀಟರ್ ಬೇಕಾಯಿತು ಎನ್ನಿ. ಶೇ. 20ರ ದ್ರಾವಣದಲ್ಲಿ ಅದು 12 ಗ್ರಾಂ, ಅಂದರೆ ನಿಮಿಷಕ್ಕೆ 200 ಮಿಲಿಗ್ರಾಂ. ಕಿಲೋಗೆ ಸುಮಾರು 2.9 ಮಿಲಿಗ್ರಾಂ. ಗಂಟೆಗೆ 150 ಮಿಲಿಲೀಟರ್ ಬೇಕಾದರೆ 7.1. ಹೆಚ್ಚು ಬೇಕಾದಷ್ಟೂ ಮೈ ಇನ್ಸುಲಿನ್‌ಗೆ ಚೆನ್ನಾಗಿ ಸ್ಪಂದಿಸುತ್ತಿದೆ ಎಂದರ್ಥ.

ಆದರೆ ಮಧುಮೇಹಿಗಳಲ್ಲಿ ಒಂದು ತೊಡಕಿದೆ. ಇನ್ಸುಲಿನ್ ಹರಿಯುತ್ತಿದ್ದರೂ ಯಕೃತ್ತು ಗ್ಲೂಕೋಸ್ ಬಿಡುವುದನ್ನು ಪೂರ್ತಿ ನಿಲ್ಲಿಸದೇ ಇರಬಹುದು. ಆಗ ಬಳಕೆ ಎಂದರೆ ಡ್ರಿಪ್ಪಿನದ್ದು ಮತ್ತು ಯಕೃತ್ತಿನದ್ದು ಎರಡೂ ಸೇರಿ. ಇವನ್ನು ಬೇರ್ಪಡಿಸಲೆಂದೇ ಡ್ಯೂಟೀರಿಯಂ (ಭಾರವಾದ ಹೈಡ್ರೋಜನ್) ಗುರುತು ಹಾಕಿದ ಗ್ಲೂಕೋಸನ್ನೂ ಹರಿಸುತ್ತಾರೆ. ಹಾಗಾಗಿ ಪತ್ರದಲ್ಲಿ ‘ಡ್ರಿಪ್ ವೇಗ’ ಮತ್ತು ‘ಒಟ್ಟು ಬಳಕೆ’ ಬೇರೆ ಬೇರೆಯಾಗಿಯೇ ಇರಲಿ, ಒಂದೇ ಪದದಲ್ಲಿ ಎರಡನ್ನೂ ತುರುಕಬೇಡಿ.

‘ಸಂವೇದನೆ’ ಓದಿದ ರೋಗಿ ಇನ್ಸುಲಿನ್ ಕೊಟ್ಟಾಗ ಮೈಯಲ್ಲಿ ಏನೋ ಅನಿಸುತ್ತದೆ ಎಂದುಕೊಳ್ಳುತ್ತಾರೆ. ‘ಇನ್ಸುಲಿನ್‌ಗೆ ಸ್ಪಂದನೆ’ ಒಳ್ಳೆಯದು. ಕ್ಲಾಂಪನ್ನು ಕ್ಲಾಂಪ್ ಎಂದೇ ಬಿಟ್ಟು, ‘ಶುಗರ್ ಮಟ್ಟವನ್ನು ಒಂದೇ ಕಡೆ ಹಿಡಿದಿಟ್ಟು ಮಾಡುವ ಪರೀಕ್ಷೆ’ ಎಂದು ಬಿಡಿಸಿ ಹೇಳಿ.

ನನ್ನ ಸಲಹೆ: ‘ಇನ್ಸುಲಿನ್ ಕೊಟ್ಟಾಗ ನಿಮ್ಮ ಮೈ ನಿಮಿಷಕ್ಕೆ ಎಷ್ಟು ಗ್ಲೂಕೋಸ್ ಬಳಸುತ್ತದೆ ಎಂದು ಅಳೆಯುತ್ತೇವೆ. ಇನ್ಸುಲಿನ್ ನಿಲ್ಲಿಸಿದ ಮೇಲೂ ಶುಗರ್ ಇಳಿಯಬಹುದು. ಆದ್ದರಿಂದ ಊಟ ಕೊಟ್ಟು, ಗ್ಲೂಕೋಸ್ ಡ್ರಿಪ್ಪನ್ನು ನಿಧಾನವಾಗಿ ಇಳಿಸಿ, ಶುಗರ್ ಸ್ಥಿರವಾದ ನಂತರವೇ ಮನೆಗೆ ಕಳಿಸುತ್ತೇವೆ.’ ಈ ಎರಡನೆಯ ಮಾತು ಕರಡಿನಲ್ಲಿ ಇಲ್ಲದಿದ್ದರೆ ದಯವಿಟ್ಟು ಸೇರಿಸಿ.