ಬಲೂನ್ ಹೂವಿನ ಗಿಡ ಮೈಸೂರಲ್ಲಿ ವರ್ಷದಿಂದ ವರ್ಷಕ್ಕೆ ಉಳಿಯುತ್ತಾ?

ಹೂಕುಂಡ, ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಬಲೂನ್ ಫ್ಲವರ್, ಅಂದರೆ ಪ್ಲಾಟಿಕೋಡಾನ್, ‘ಫ್ಯೂಜಿ ಬ್ಲೂ’ ತಳಿಯ ಬೀಜ ಬಿತ್ತಿದ್ದೇನೆ. ಪ್ಯಾಕೆಟ್ ಮೇಲೆ ಬಹುವಾರ್ಷಿಕ ಅಂತಿದೆ. ಪ್ರೋಟ್ರೇನಲ್ಲಿರೋ (ಸಾಲು ಗುಳಿಗಳಿರೋ ಸಸಿ ತಟ್ಟೆ) ಸಸಿಗಳು ಎರಡು ಎಲೆ ಬಿಟ್ಟು ಅಲ್ಲೇ ನಿಂತುಬಿಟ್ಟಿವೆ. ಗೊಬ್ಬರ ಸಾಲದಾ? ನೆಡೋಕೆ ಕಾಂಪೌಂಡ್ ಪಕ್ಕ ಪೂರ್ವದ ಬಿಸಿಲು ಬೀಳೋ ಕೆಮ್ಮಣ್ಣಿನ ಪಾತಿ ಇದೆ, ಟೆರೇಸ್ ಮೇಲೆ 8 ಇಂಚಿನ ಪಾಟ್‌ಗಳಿವೆ. ಯಾವುದು ಒಳ್ಳೇದು? ಹೂ ಮುಗಿದು ಗಿಡ ಒಣಗಿದ ಮೇಲೆ ಮತ್ತೆ ಚಿಗುರುತ್ತಾ?

ಕೆಮ್ಮಣ್ಣು, ಮೈಸೂರು

ಸಸಿ ನಿಂತಿಲ್ಲ, ಬೇರು ಇಳಿಸ್ತಾ ಇದೆ. ಈ ಗಿಡದ ಜೀವ ಇರೋದೇ ಅದರ ತಾಯಿಬೇರಲ್ಲಿ. ಮೇಲೆ ಎರಡೇ ಎಲೆ ಇದ್ದರೂ ಕೆಳಗೆ ಬಿಳೀ ಬೇರು ಆಗಲೇ ಗುಳಿಯ ತಳ ಮುಟ್ಟಿರುತ್ತೆ. ತಳದಲ್ಲಿ ಸುರುಳಿ ಸುತ್ತಿದ ಬೇರು ಆಮೇಲೆ ಕವಲೊಡೆದು ಮೋಟಾಗುತ್ತೆ. ಹಾಗಾಗಿ ನಾಲ್ಕು ಎಲೆ ಬರೋವರೆಗೂ ಕಾಯಬಹುದು, ಅದಕ್ಕಿಂತ ತಡ ಬೇಡ. ಮಣ್ಣಿನ ಮುದ್ದೆ ಒಡೆಯದ ಹಾಗೆ ಎತ್ತಿ ನೆಡಿ. ಬೇರು ತುಂಬಾ ಪೆಡಸು, ಬಗ್ಗಿಸಿದರೆ ಪಟ್ ಅಂತ ಮುರಿಯುತ್ತೆ. ಗೊಬ್ಬರ ಅಂದರೆ ಈಗ 19-19-19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರೋ, ನೀರಲ್ಲಿ ಕರಗೋ ಗೊಬ್ಬರ) ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ, ಅಷ್ಟೇ. ಸಾರಜನಕ ಜಾಸ್ತಿಯಾದರೆ ಕಾಂಡ ನೀಳವಾಗಿ ಬೆಳೆದು ಮಲಗಿಬಿಡುತ್ತೆ.

ಮುಂದಿನ ಸಲ ಪ್ರೋಟ್ರೇ ಬಿಟ್ಟು ತಳಕ್ಕೆ ತೂತು ಮಾಡಿದ ಉದ್ದನೆ ಪೇಪರ್ ಕಪ್‌ನಲ್ಲಿ ಬಿತ್ತಿ. ದಸರಾ ಮುಗಿದು ಮಳೆ ತಗ್ಗಿದ ಮೇಲೆ, ರಾತ್ರಿ 20 ಡಿಗ್ರಿ ಆಸುಪಾಸಿಗೆ ಇಳಿದಾಗ ಬಿತ್ತೋದು ಸರಿಯಾದ ಹೊತ್ತು. ಬೀಜದ ಮೇಲೆ ಮಣ್ಣು ಮುಚ್ಚಬೇಡಿ, ಬೆಳಕು ಬೇಕು. ಬೆರಳಲ್ಲಿ ಮೆಲ್ಲಗೆ ಒತ್ತಿ ಸ್ಪ್ರೇ ಮಾಡಿದರೆ ಸಾಕು, ಎರಡು ಮೂರು ವಾರದಲ್ಲಿ ಮೊಳೆಯುತ್ತೆ. ಹಳೇ ಬೀಜವಾದರೆ ಒದ್ದೆ ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್‌ನಲ್ಲಿ ಬೆರೆಸಿ ಮೂರು ವಾರ ಫ್ರಿಡ್ಜ್‌ನಲ್ಲಿಟ್ಟು ಬಿತ್ತಿ, ಫ್ರೀಜರ್‌ನಲ್ಲಿ ಅಲ್ಲ.

ಜಾಗದ ವಿಷಯಕ್ಕೆ ಬಂದರೆ ನನ್ನ ಓಟು ಪಾತಿಗೇ. 8 ಇಂಚಿನ ಪಾಟ್ ಈ ಬೇರಿಗೆ ಸಾಲಲ್ಲ, ಕನಿಷ್ಠ 12 ಇಂಚು ಆಳ ಬೇಕು. ಮೇಲಾಗಿ ಟೆರೇಸ್‌ನಲ್ಲಿ ಪಾಟ್‌ನ ಪಕ್ಕೆ ಕಾದು ಬೇರು ಬೇಯುತ್ತೆ. ಪಾತಿಯನ್ನು 1 ಅಡಿ ಅಗೆದು, ಎರಡು ಪಾಲು ಕೆಮ್ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ ಬೆರೆಸಿ, ನೆಲಮಟ್ಟಕ್ಕಿಂತ 6 ಇಂಚು ಏರಿಸಿ. ಗಿಡದಿಂದ ಗಿಡಕ್ಕೆ 1 ಅಡಿ. ಬುಡದ ಮೊಗ್ಗು ಮಣ್ಣಿನ ಮಟ್ಟಕ್ಕೇ ಇರಲಿ. ಅದು ಹೂತುಹೋದರೆ ಮುಂಗಾರಲ್ಲಿ ಕೊಳೆಯೋದು ಗ್ಯಾರಂಟಿ.

ಗಿಡ 15 ಸೆಂಟಿಮೀಟರ್ ಆದಾಗ ತುದಿ ಚಿವುಟಿ. ಹೂ ಸ್ವಲ್ಪ ತಡವಾಗುತ್ತೆ, ಆದರೆ ಕವಲು ಹೆಚ್ಚಿ ಗಿಡ ತುಂಬಿಕೊಳ್ಳುತ್ತೆ. ಬಾಡಿದ ಹೂವನ್ನು ತೊಟ್ಟಿನ ಸಮೇತ ಕೀಳಿ, ಕಾಂಡ ಕತ್ತರಿಸಬೇಡಿ, ಅದರ ಕೆಳಗೇ ಪಕ್ಕದ ಮೊಗ್ಗುಗಳು ಕೂತಿರುತ್ತವೆ. ಹೂದಾನಿಗೆ ಕೊಯ್ದರೆ ಹಾಲು ಸೋರುತ್ತೆ. ಕೊಯ್ದ ತುದಿಯನ್ನು ಬೆಂಕಿಕಡ್ಡಿಯಲ್ಲಿ ಸುಟ್ಟು ನೀರಿಗಿಡಿ. ಉಬ್ಬಿದ ಮೊಗ್ಗನ್ನು ಮಕ್ಕಳು ಒತ್ತಿ ಒಡೆಯದ ಹಾಗೆ ನೋಡಿಕೊಳ್ಳಿ. ತಾನಾಗೇ ಅರಳಿದರೆ ಐದು ದಳವೂ ನಕ್ಷತ್ರದ ಹಾಗೆ ನೀಟಾಗಿ ಬಿಚ್ಚಿಕೊಳ್ಳುತ್ತೆ, ಒಳಗಿನ ನೀಲಿ ಗೆರೆಗಳನ್ನು ಆಗ ನೋಡಬೇಕು.

ನಾಲೆಬಯಲು, ಮಂಡ್ಯ

ಪಾತಿ ಅನ್ನೋದು ಕೆಮ್ಮಣ್ಣಿಗೆ ಸರಿ. ಮಂಡ್ಯದ ನಾಲೆ ಬಯಲಿನ ಎರೆಮಣ್ಣಲ್ಲಿ ಇದನ್ನ ನೆಲಕ್ಕೆ ಹಾಕಬೇಡಿ, ನೀರು ನಿಂತು ಬುಡ ಹೋಗುತ್ತೆ. ಇಲ್ಲಿ ಆಳದ ಗ್ರೋ ಬ್ಯಾಗೇ ವಾಸಿ. ಕೊಕೊಪೀಟ್ ಮಿಶ್ರಣದ ಕಾಲು ಭಾಗ ಮೀರಬಾರದು. ಬೋರ್ ನೀರಾದರೆ ಪಾಟ್ ಅಂಚಲ್ಲಿ ಬಿಳಿ ಉಪ್ಪು ಕಟ್ಟುತ್ತೆ, ನರ ಹಸಿರಾಗೇ ಉಳಿದು ಎಲೆ ಹಳದಿಯಾಗುತ್ತೆ. ಅದು ಕಬ್ಬಿಣದ ಕೊರತೆ. ತಿಂಗಳಿಗೊಮ್ಮೆ ಮಳೆನೀರೋ ನಲ್ಲಿ ನೀರೋ ಧಾರಾಳವಾಗಿ ಹಾಯಿಸಿ ಉಪ್ಪು ತೊಳೆಯಿರಿ.

ಇನ್ನು ಬಹುವಾರ್ಷಿಕ ಅನ್ನೋ ಮಾತು. ಇದರ ತವರು ಚೀನಾ, ಕೊರಿಯಾ, ಜಪಾನ್ ಕಡೆ. ಅಲ್ಲಿ ಚಳಿಗಾಲದಲ್ಲಿ ಮೇಲಿನ ಗಿಡ ಪೂರ್ತಿ ಸತ್ತು ಬೇರು ಮಲಗುತ್ತೆ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ, ಬೇರಿಗೆ ಆ ವಿಶ್ರಾಂತಿ ಸಿಗೋದೇ ಇಲ್ಲ. ಉಳಿಸಿಕೊಳ್ಳಬಹುದು, ಆದರೆ ವರ್ಷದಿಂದ ವರ್ಷಕ್ಕೆ ಸೊರಗುತ್ತೆ. ಅದಕ್ಕೇ ಪ್ರತಿ ಹಂಗಾಮಿಗೂ ನಾಲ್ಕಾರು ಹೊಸ ಸಸಿ ಮಾಡಿಟ್ಟುಕೊಳ್ಳಿ ಅಂತೀನಿ. ಪಾಟ್‌ಗೆ ಅಂತಲೇ ಬೇಕಾದರೆ ‘ಆಸ್ಟ್ರಾ’ ಗಿಡ್ಡ ತಳಿ ತನ್ನಿ, ಬಿತ್ತಿದ ಮೊದಲ ವರ್ಷವೇ ಹೂ ಬಿಡುತ್ತೆ. ಫ್ಯೂಜಿ ಎರಡನೇ ವರ್ಷಕ್ಕೇ ಚೆನ್ನಾಗಿ ಬರೋದು.

ಹೂಕುಂಡ, ಕುವೆಂಪುನಗರ

ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ಹಾಗಾದರೆ ಪಾತಿಗೇ ಹಾಕ್ತೀನಿ. ಗಿಡ ಒಣಗಿದಾಗ ಬೇರು ಬದುಕಿದೆಯೋ ಕೊಳೆತಿದೆಯೋ ತಿಳಿಯೋದು ಹೇಗೆ?

ಕೆಮ್ಮಣ್ಣು, ಮೈಸೂರು

ಬುಡದ ಮಣ್ಣು ಬೆರಳಲ್ಲಿ ಅರ್ಧ ಇಂಚು ಸರಿಸಿ ಬೇರಿನ ತಲೆ ಒತ್ತಿ ನೋಡಿ. ಗಟ್ಟಿಯಾಗಿದ್ದು, ಉಗುರಲ್ಲಿ ಕೆರೆದರೆ ಒಳಗೆ ಬಿಳಿ ಕಂಡರೆ ಜೀವ ಇದೆ. ಮೆತ್ತಗೆ, ಕಂದಾಗಿ, ವಾಸನೆ ಬಂದರೆ ಕಿತ್ತೆಸೆಯಿರಿ, ಆ ಮಣ್ಣಿಗೆ ಮತ್ತೆ ಇದೇ ಗಿಡ ಬೇಡ. ಬದುಕಿರೋ ಬೇರಿದ್ದರೆ ಒಣಗಿದ ಕಾಂಡವನ್ನು 2 ಇಂಚು ಬಿಟ್ಟು ಕತ್ತರಿಸಿ, ನೀರನ್ನು ವಾರಕ್ಕೊಮ್ಮೆಗೆ ಇಳಿಸಿ. ಮಾರ್ಚ್‌ನಿಂದ ಮಧ್ಯಾಹ್ನದ ಹೊತ್ತು 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ. ಪಕ್ಕದಲ್ಲೊಂದು ಕಡ್ಡಿ ನೆಟ್ಟಿಡಿ. ಚಿಗುರು ತಡವಾಗಿ, ನೇರಳೆ ಛಾಯೆಯ ದಪ್ಪ ಮೊಳಕೆಯಾಗಿ ಬರುತ್ತೆ. ಅಷ್ಟರಲ್ಲಿ ಯಾರಾದರೂ ಖಾಲಿ ಜಾಗ ಅಂತ ಅಗೆದರೆ ಬೇರು ತುಂಡಾಗುತ್ತೆ. ಮಳೆಗಾಲದಲ್ಲಿ ಬಸವನಹುಳು ಆ ಮೊಳಕೆಯನ್ನೇ ಹುಡುಕಿ ತಿನ್ನುತ್ತವೆ, ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೆಯಿರಿ.