ಅಪ್‌ಡೇಟ್: ಬೆಂಜ್ ಮಾರಿದೆ

ಕೆನಡಾಕ್ಕೆ ಹೊರಟಿದ್ದೇನೆ, ಬೆಂಜ್ ಕಾರನ್ನು ಮಡಿಕೇರಿಯ ಮನೆಯಲ್ಲೇ ಬಿಡಲೋ, ಮಾರಲೋ, ಜೊತೆಗೆ ಒಯ್ಯಲೋ ಎಂದು ಕೇಳಿದ್ದೆನಲ್ಲ, ಕೊನೆಗೆ ಮಾರಿದೆ.

ಒಯ್ಯುವ ಆಸೆ ಬೇಗ ಬಿಟ್ಟೆ. 15 ವರ್ಷ ತುಂಬದ, ಅವರ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ನಮ್ಮ ಕಡೆಯ ಕಾರನ್ನು ಅಲ್ಲಿ ಒಳಗೇ ಬಿಡುವುದಿಲ್ಲ.

ಮನೆಯಲ್ಲಿಡುವ ಯೋಚನೆ ಕೆಡಿಸಿದ್ದು ಮಳೆಗಾಲ. ಜುಲೈನಲ್ಲಿ ಮೂರು ವಾರ ಶೆಡ್ಡಿನಲ್ಲಿ ನಿಲ್ಲಿಸಿ ಬಾಗಿಲು ತೆಗೆದರೆ ಲೆದರ್ ಸೀಟಿನ ಹೊಲಿಗೆಯುದ್ದಕ್ಕೂ ಬೆಳ್ಳಗೆ ಬೂಷ್ಟು, ಬಾನೆಟ್ ಒಳಗೆ ಇಲಿ ಕಡಿದ ವಯರ್. ಅಪ್ಪನಿಗೆ ಎಪ್ಪತ್ತು ದಾಟಿದೆ. ವಾರಕ್ಕೊಮ್ಮೆ ಒಂದು ಸುತ್ತು ಓಡಿಸಿ ಎನ್ನಲು ಮನಸ್ಸು ಬರಲಿಲ್ಲ.

ಕೊಂಡವರು ಗೋಣಿಕೊಪ್ಪದ ಕಾಫಿ ಬೆಳೆಗಾರರು. ಮೊದಲು ಸಾಲ ತೀರಿಸಿ, ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಾಲ ಮುಗಿದಿದೆ ಎಂದು ತಿಳಿಸುವ ಫಾರ್ಮ್ 35 ತಂದು, ಆರ್‌ಸಿಯಲ್ಲಿ, ಅಂದರೆ ಕಾರಿನ ನೋಂದಣಿ ಪತ್ರದಲ್ಲಿ, ಇದ್ದ ಸಾಲದ ನಮೂದು ತೆಗೆಸಿದೆ. ಆಮೇಲೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29, 30. ಆರ್‌ಸಿ ಅವರ ಹೆಸರಿಗೆ ಆಗಿದ್ದನ್ನು ಕಣ್ಣಾರೆ ನೋಡುವವರೆಗೆ ಟಿಕೆಟ್ ಬುಕ್ ಮಾಡಲಿಲ್ಲ. ದಾಖಲೆಯಲ್ಲಿ ಹೆಸರು ನಮ್ಮದೇ ಉಳಿದರೆ ನಾಳೆ ಅಪಘಾತವಾದಾಗ ಪರಿಹಾರದ ಹೊಣೆ ನಮ್ಮ ತಲೆಗೇ ಬರುತ್ತದೆ. ಇದನ್ನು ಒತ್ತಿ ಹೇಳಿದವರಿಗೆ ನಾನು ಋಣಿ.

ಕೀಲಿ ಕೊಡುವ ಮುಂಚೆ ಅಪ್ಪ ಡ್ಯಾಶ್‌ಬೋರ್ಡ್ ಮೇಲಿದ್ದ ಪುಟ್ಟ ಕಾವೇರಮ್ಮನ ಮೂರ್ತಿ ತೆಗೆದು, ಒರೆಸಿ, ಜೇಬಿಗೆ ಹಾಕಿಕೊಂಡರು.