ಓದುಗರ ಸ್ಪಂದನ: ಮಾಸ್ಕೋಗೆ ಹೋಗಲಾಗದೆ ಸೋವಿಯತ್ ಸಮಾಜದ ಸಂಶೋಧನೆ

ಓದುಗರ ಸಮಸ್ಯೆ: ಇತಿಹಾಸದಲ್ಲಿ ಎಂ.ಎ. ಮುಗಿಸಿರುವ ನನಗೆ ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ 1930ರ ದಶಕದ ಸೋವಿಯತ್ ಜನಜೀವನವನ್ನು ಕುರಿತ ಸಂಶೋಧನಾ ಹುದ್ದೆ ದೊರೆತಿದೆ. ರಷ್ಯನ್ ಕಲಿತು ಎರಡೇ ವರ್ಷವಾಗಿದೆ. ಈಗಿನ ಯುದ್ಧದ ಸ್ಥಿತಿಯಲ್ಲಿ ಮಾಸ್ಕೋಗೆ ಹೋಗಿ ಕಡತ ನೋಡುವುದು ಆಗದ ಮಾತು ಎಂದು ಮಾರ್ಗದರ್ಶಕರೇ ಹೇಳಿದ್ದಾರೆ. ಮನೆಯವರು ‘ಈಗ ಇಲ್ಲವೇ ಇಲ್ಲದ ದೇಶದ ಚರಿತ್ರೆ ಕಟ್ಟಿಕೊಂಡು ಏನು ಮಾಡುತ್ತೀ’ ಎನ್ನುತ್ತಾರೆ. ಒಪ್ಪಿಕೊಳ್ಳಲೇ?

ಓದುಗರ ಉತ್ತರಗಳು

ಸಂಶೋಧಕಿ, ಬೆಂಗಳೂರು

ಒಪ್ಪಿಕೊಳ್ಳಿ. ಆದರೆ ನಿಮ್ಮ ಪ್ರಶ್ನೆಯನ್ನು ಕೈಗೆ ಸಿಗುವ ಕಾಗದಗಳಿಗೆ ತಕ್ಕಂತೆ ಈಗಲೇ ತಿದ್ದಿಕೊಳ್ಳಿ. ಸೋವಿಯತ್ ಒಕ್ಕೂಟವೆಂದರೆ ಮಾಸ್ಕೋ ಒಂದೇ ಅಲ್ಲ; ಗಣರಾಜ್ಯಗಳ ಆಡಳಿತದ ಕಡತಗಳು ಬಹುಪಾಲು ಅವುಗಳ ರಾಜಧಾನಿಗಳಲ್ಲೇ ಉಳಿದವು. ನಾನು ಕೆಲಸ ಮಾಡಿದ್ದು ಕಜಾಕಸ್ತಾನದ ಅಲ್ಮಾಟಿಯಲ್ಲಿ. ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಲಿಶೆಂತ್ಸಿ’ಗಳ, ಅಂದರೆ ಮತದ ಹಕ್ಕು ಕಳೆದುಕೊಂಡವರ ಅರ್ಜಿಗಳು. ಕೂಲಿಗೆ ಆಳಿಟ್ಟುಕೊಂಡವರು, ಖಾಸಗಿ ವ್ಯಾಪಾರಿಗಳು, ಪಾದ್ರಿಗಳು, ಜಾರ್ ಚಕ್ರವರ್ತಿಯ ಕಾಲದ ಪೊಲೀಸರು ಮುಂತಾದವರಿಗೆ 1918ರ ಸಂವಿಧಾನ ಮತದ ಹಕ್ಕು ನಿರಾಕರಿಸಿತ್ತು. 1936ರ ಸಂವಿಧಾನ ಬರುವವರೆಗೂ ಈ ವರ್ಗೀಕರಣ ಉಳಿಯಿತು. ಮತ ಹೋದದ್ದಕ್ಕಿಂತ ಅದರ ಬೆನ್ನಿಗೆ ರೇಷನ್ ಕಾರ್ಡು, ವಾಸದ ಕೋಣೆ, ಮಕ್ಕಳ ಕಾಲೇಜು ಪ್ರವೇಶ ಕೈತಪ್ಪಿದ್ದು ಆ ಕುಟುಂಬಗಳನ್ನು ಹೆಚ್ಚು ಕಾಡಿತು.

ಭಾಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಚ್ಚಿನ ರಷ್ಯನ್ ಓದಬಲ್ಲವರು ಕೈಬರಹದ ಎದುರು ತಡವರಿಸುತ್ತಾರೆ. ‘ಲಿಶಿಲಿ’, ಅಂದರೆ ‘ಕಸಿದುಕೊಂಡರು’, ಎಂಬ ಪದ ಈ ಅರ್ಜಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೂಡುಬರಹದಲ್ಲಿ ಅದು ಒಂದೇ ಸಮನೆ ಬಾಗಿದ ಕಡ್ಡಿಗಳ ಸಾಲಿನಂತೆ ಕಾಣುತ್ತದೆ, ಯಾವ ಕಡ್ಡಿ ಯಾವ ಅಕ್ಷರದ್ದೆಂದು ಗೊತ್ತಾಗುವುದಿಲ್ಲ. ಮೊದಲ ವಾರ ನಾನು ದಿನಕ್ಕೆ ಎರಡು ಪುಟ ದಾಟಲಿಲ್ಲ. ಮೂರನೆಯ ವಾರದ ಹೊತ್ತಿಗೆ ಅದೇ ಸಾಲಿನಲ್ಲಿ ಪದವೇ ಮೊದಲು ಕಾಣತೊಡಗಿತು. ಕಜಾಖ್ ಭಾಷೆಯ ಕಾಗದಗಳನ್ನು ಸದ್ಯಕ್ಕೆ ಬಿಡಿ: 1929ರ ಹೊತ್ತಿಗೆ ಅರಬ್ಬಿಯಿಂದ ಲ್ಯಾಟಿನ್‌ಗೆ, 1940ರಲ್ಲಿ ಸಿರಿಲಿಕ್‌ಗೆ ಅದರ ಲಿಪಿಯೇ ಎರಡು ಬಾರಿ ಬದಲಾಗಿದೆ. ಹೊರಡುವ ಮೊದಲಿನ ಆರು ತಿಂಗಳು ದಿನಕ್ಕೊಂದು ಗಂಟೆ ಕೂಡುಬರಹವನ್ನು ನೀವೇ ಬರೆದು ಅಭ್ಯಾಸ ಮಾಡಿ. ಬರೆದ ಕೈಗೆ ಓದು ಬೇಗ ಒಗ್ಗುತ್ತದೆ.

ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು

ಮನೆಬಿಟ್ಟು ಹೊರಡುವ ಮೊದಲೇ ಓದಬಹುದಾದದ್ದು ಬೇಕಾದಷ್ಟಿದೆ. 1950ರ ದಶಕದ ಆರಂಭದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಯುದ್ಧದ ನಂತರ ತಾಯ್ನಾಡಿಗೆ ಮರಳದೆ ಉಳಿದ ಸೋವಿಯತ್ ಜನರನ್ನು ಜರ್ಮನಿ, ಆಸ್ಟ್ರಿಯಾ, ಅಮೆರಿಕಗಳಲ್ಲಿ ಮಾತನಾಡಿಸಿ, ಊಟ, ಕೆಲಸ, ಶಾಲೆ, ಮದುವೆ, ಭಯ ಎಲ್ಲವನ್ನೂ ಕೇಳಿ ಬರೆದುಕೊಂಡರು. ನೂರಾರು ಸಂದರ್ಶನಗಳ ಆ ಪುಟಗಳು ಇಂಗ್ಲಿಷಿನಲ್ಲೇ ಇದ್ದು, ಇಂದು ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು. ಮರಳಲು ಒಪ್ಪದವರ ಮಾತು ಅದೆಂಬುದನ್ನು ಮಾತ್ರ ಯಾವ ಪುಟದಲ್ಲೂ ಮರೆಯಬೇಡಿ.

ಇನ್ನೊಂದು ನಿದರ್ಶನ ನಿಮಗೆ ಧೈರ್ಯ ಕೊಡಬಹುದು. ರಷ್ಯದ ಸ್ಮೊಲೆನ್ಸ್ಕ್ ಪ್ರಾಂತದ ಕಮ್ಯುನಿಸ್ಟ್ ಪಕ್ಷದ ಕಡತಗಳನ್ನು 1941ರಲ್ಲಿ ಜರ್ಮನ್ ಸೇನೆ ವಶಪಡಿಸಿಕೊಂಡು, ಯುದ್ಧದ ಕೊನೆಯಲ್ಲಿ ಅವು ಅಮೆರಿಕನ್ನರ ಕೈಸೇರಿ, ರಷ್ಯಕ್ಕೆ ಮರಳಿದ್ದು 2002ರಲ್ಲಿ. ನಡುವಿನ ದಶಕಗಳಲ್ಲಿ ಮಾಸ್ಕೋದ ಬಾಗಿಲು ಮುಚ್ಚಿದ್ದಾಗಲೇ ಅಮೆರಿಕದ ವಿದ್ವಾಂಸ ಮರ್ಲ್ ಫೇನ್ಸೋಡ್ ಅವುಗಳನ್ನಿಟ್ಟುಕೊಂಡು 1958ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಅಂದು ಒಂದು ಪ್ರಾಂತದ ಕಾಗದದಿಂದ ಸಾಧ್ಯವಾದದ್ದು ಇಂದು ನಿಮಗೆ ಅಸಾಧ್ಯವೆನ್ನಲಾರೆ.

ಓದುಗ, ಹೈಡೆಲ್‌ಬರ್ಗ್, ಜರ್ಮನಿ

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ವೇತನದ ಶೇಕಡಾವಾರು ಕೇಳಿ. ಇಲ್ಲಿನ ಮಾನವಿಕ ವಿಭಾಗಗಳಲ್ಲಿ ಡಾಕ್ಟರೇಟ್ ಹುದ್ದೆ ಸಾಮಾನ್ಯವಾಗಿ ಪೂರ್ಣ ವೇತನದ ಶೇ. 50 ಅಥವಾ 65ರಷ್ಟಿರುತ್ತದೆ. ಕೆಲಸ ಮಾತ್ರ ದಿನಪೂರ್ತಿಯದು. ಪ್ರವಾಸದ ಹಣ ಮತ್ತು ಭಾಷಾ ತರಬೇತಿಯ ವೆಚ್ಚ ಯಾರದೆಂಬುದನ್ನೂ, ರಷ್ಯಕ್ಕೆ ಮೀಸಲಿಟ್ಟ ಹಣವನ್ನು ಬೇರೆ ದೇಶಕ್ಕೆ ಬಳಸಬಹುದೇ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ನಾನು ಬಾಯಿಮಾತು ನಂಬಿ ಒಂದು ವರ್ಷ ಕಳೆದುಕೊಂಡೆ.

ಗೃಹಿಣಿ, ಶಿವಮೊಗ್ಗ

ನಿಮ್ಮ ಮನೆಯವರ ಮಾತಿಗೆ ನನ್ನದೊಂದು ಉತ್ತರ. 1970ರ ದಶಕದಲ್ಲಿ ನವಕರ್ನಾಟಕದ ಮಳಿಗೆಯಿಂದ ನನ್ನ ತಂದೆ ಅಗ್ಗದ ಬೆಲೆಯ ಸೋವಿಯತ್ ಪುಸ್ತಕಗಳನ್ನು ತರುತ್ತಿದ್ದರು. ಟ್ರ್ಯಾಕ್ಟರು, ಅಣೆಕಟ್ಟು, ನಗುವ ಮಕ್ಕಳ ಚಿತ್ರಗಳನ್ನು ನೋಡಿ ಆ ದೇಶ ನಮಗೆ ನೆರೆಮನೆಯಷ್ಟು ಪರಿಚಿತವೆಂದುಕೊಂಡಿದ್ದೆವು. 1932ರಲ್ಲಿ ಜಾರಿಗೆ ಬಂದ ಆಂತರಿಕ ಪಾಸ್‌ಪೋರ್ಟು, ಅಂದರೆ ದೇಶದೊಳಗೇ ಬೇರೆಡೆ ಹೋಗಿ ನೆಲೆಸಲು ಬೇಕಾದ ಗುರುತುಪತ್ರ, ಅಲ್ಲಿನ ಸಾಮೂಹಿಕ ಬೇಸಾಯದ ರೈತರಿಗೆ 1974ರ ಆದೇಶದ ನಂತರವಷ್ಟೇ ಸಿಕ್ಕಿತೆಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಅಂಥ ರೈತಳೊಬ್ಬಳ ಪತ್ರವನ್ನು ಕನ್ನಡದಲ್ಲಿ ಓದಬೇಕೆಂಬ ಆಸೆ ನನಗಿದೆ. ನಿಮ್ಮ ಮೊದಲ ಅಧ್ಯಾಯ ಮುಗಿದಾಗ ಒಂದೆರಡು ಪತ್ರಗಳನ್ನಾದರೂ ಅನುವಾದಿಸಿ ಈ ಪುಟಕ್ಕೆ ಕಳುಹಿಸಿ.